ದ್ವೀಪ ಎಂದರೆ ರನ್‌ವೇ: ಪೆಸಿಫಿಕ್ ಕದನಗಳು ನಡೆದ ಬಗೆ

ಯುದ್ಧದ ಹೊತ್ತಿಗೆ ಇವೊಜಿಮಾ ದ್ವೀಪದ ವಿಸ್ತೀರ್ಣ 21 ಚದರ ಕಿಲೋಮೀಟರಿನ ಆಸುಪಾಸು ಇತ್ತು. ತರಾವಾ ಹವಳದ್ವೀಪಗಳ ಸಾಲಿನ ಬೆಟಿಯೊ ಇನ್ನೂ ಪುಟ್ಟದು: ಉದ್ದ ಮೂರು ಕಿಲೋಮೀಟರ್ ಚಿಲ್ಲರೆ, ಅಗಲ ಒಂದು ಕಿಲೋಮೀಟರಿಗೂ ಕಡಿಮೆ. ಅಲ್ಲಿ ಚಿನ್ನವಿರಲಿಲ್ಲ, ಎಣ್ಣೆಯಿರಲಿಲ್ಲ. ಇವೊಜಿಮಾದಲ್ಲಂತೂ ಕುಡಿಯುವ ನೀರಿಗೂ ತತ್ವಾರ. ಆದರೂ ಈ ಎರಡು ಚೂರು ನೆಲಕ್ಕಾಗಿ ಅಮೆರಿಕ ಮತ್ತು ಜಪಾನಿನ ಸುಮಾರು ಮೂವತ್ತು ಸಾವಿರ ಜನ ಸತ್ತರು.

ಅವರು ಕಾದಾಡಿದ್ದು ರನ್‌ವೇಗಾಗಿ. ಎರಡನೇ ಮಹಾಯುದ್ಧದ ಪೆಸಿಫಿಕ್ ರಂಗವನ್ನು ಅರ್ಥ ಮಾಡಿಕೊಳ್ಳಲು ಹೊರಟವರು ಸೇನಾಪತಿಗಳ ಹೆಸರು ಬಾಯಿಪಾಠ ಮಾಡುವ ಮೊದಲು ಒಂದು ಲೆಕ್ಕ ನೋಡಬೇಕು. ಅಂದಿನ ಅತಿ ದೊಡ್ಡ ಯುದ್ಧನೌಕೆಯ ಫಿರಂಗಿ ಹೊಡೆಯುತ್ತಿದ್ದದ್ದು ನಲವತ್ತು ಕಿಲೋಮೀಟರಿನ ಆಸುಪಾಸು. ಹಡಗಿನ ಡೆಕ್‌ನಿಂದ ಏಳುವ ಬಾಂಬರ್ ಮುನ್ನೂರು ಕಿಲೋಮೀಟರ್ ದೂರ ಹೋಗಿ ಹೊಡೆದು ವಾಪಸು ಬರುತ್ತಿತ್ತು. ಹಾಗಾಗಿ ತಲೆಯ ಮೇಲೆ ತನ್ನ ವಿಮಾನವಿಲ್ಲದ ಹಡಗು ಎಷ್ಟೇ ದೊಡ್ಡದಿರಲಿ, ಗುರಿಹಲಗೆ ಅಷ್ಟೇ. ವಿಮಾನ ಏಳುವುದಕ್ಕೆ ಎರಡೇ ಜಾಗ: ವಿಮಾನವಾಹಕ ನೌಕೆ, ಇಲ್ಲವೇ ದ್ವೀಪ. ನೌಕೆ ಮುಳುಗಬಹುದು, ದ್ವೀಪ ಮುಳುಗುವುದಿಲ್ಲ. ಆದರೆ ದ್ವೀಪ ಜಾಗ ಬಿಟ್ಟು ಕದಲುವುದೂ ಇಲ್ಲ. ನಾಲ್ಕು ವರ್ಷದ ಯುದ್ಧ ಈ ಎರಡರ ನಡುವಿನ ಆಟ.

1942ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ ವಿಮಾನದ ಈ ಲೆಕ್ಕ ಮೊದಲ ಸಲ ಪೂರ್ತಿ ಕಣ್ಣಿಗೆ ಕಂಡಿತು. ಎರಡೂ ಕಡೆಯ ಹಡಗುಗಳು ಒಂದನ್ನೊಂದು ನೋಡದೆಯೇ ಕದನ ಮುಗಿಯಿತು, ಹೊಡೆದಾಡಿದ್ದೆಲ್ಲ ವಿಮಾನಗಳು. ಅಮೆರಿಕ ಲೆಕ್ಸಿಂಗ್ಟನ್ ನೌಕೆಯನ್ನು ಕಳೆದುಕೊಂಡಿತು, ಯಾರ್ಕ್‌ಟೌನ್‌ಗೆ ಪೆಟ್ಟಾಯಿತು. ಜಪಾನಿನ ಶೊಕಾಕು ಜಖಂಗೊಂಡಿತು. ಅದರ ಜೊತೆಗಾರ ನೌಕೆ ಜುಯಿಕಾಕುವಿಗೆ ಗೀರೂ ಬೀಳದಿದ್ದರೂ ಪೈಲಟ್‌ಗಳು ಸತ್ತಿದ್ದರು. ಮುಂದೆ ಆದದ್ದು ಗಮನಿಸಿ. ಯಾರ್ಕ್‌ಟೌನ್ ರಿಪೇರಿಗೆ ಮೂರು ತಿಂಗಳು ಬೇಕೆಂದು ಅಂದಾಜಿತ್ತು. ಪರ್ಲ್ ಹಾರ್ಬರ್‌ನ ಕೆಲಸಗಾರರು ಹಗಲುರಾತ್ರಿ ವೆಲ್ಡಿಂಗ್ ಮಾಡಿ ಮೂರು ದಿನಕ್ಕೇ ಅದನ್ನು ಸಮುದ್ರಕ್ಕೆ ಕಳಿಸಿದರು. ಜಪಾನ್ ಮಾತ್ರ ಶೊಕಾಕುವಿನಲ್ಲಿ ಉಳಿದ ಪೈಲಟ್‌ಗಳನ್ನು ಜುಯಿಕಾಕುವಿಗೆ ಹತ್ತಿಸಿ ಕಳಿಸುವ ಗೋಜಿಗೆ ಹೋಗಲಿಲ್ಲ. ಒಂದು ನೌಕೆ, ಅದಕ್ಕೆ ಅದರದೇ ಪೈಲಟ್‌ಗಳು ಎಂಬುದು ಅವರ ಪದ್ಧತಿ. ಹೀಗೆ ಜಪಾನ್ ಮರುತಿಂಗಳು ದಾಳಿ ಮಾಡಿದ ಮಿಡ್‌ವೇ ದ್ವೀಪಕ್ಕೆ ಆರು ನೌಕೆಗಳ ಬದಲು ನಾಲ್ಕೇ ಹೋದವು.

ಮಿಡ್‌ವೇ: ಡೆಕ್ ಒಂದು, ಕೆಲಸ ಮೂರು

ಮಿಡ್‌ವೇಗೆ ಬಂದ ಅಕಾಗಿ, ಕಾಗಾ, ಸೊರ್ಯು, ಹಿರ್ಯುಗಳಲ್ಲಿ ಕಾಗಾ ಬಿಟ್ಟು ಉಳಿದ ಮೂರೂ ಎರಡು ತಿಂಗಳ ಹಿಂದಷ್ಟೇ ನಮ್ಮ ಕಡೆಯ ಸಮುದ್ರದಲ್ಲಿದ್ದವು. 1942ರ ಏಪ್ರಿಲ್‌ನಲ್ಲಿ ಅವು ಕೊಲಂಬೊ, ಟ್ರಿಂಕೊಮಾಲಿಗಳ ಮೇಲೆ ಬಾಂಬ್ ಹಾಕಿ ಬ್ರಿಟಿಷರ ಹರ್ಮಿಸ್ ಎಂಬ ವಿಮಾನವಾಹಕವನ್ನು ಮುಳುಗಿಸಿದ್ದವು. ಅದೇ ದಿನಗಳಲ್ಲಿ ಜಪಾನಿನ ಇನ್ನೊಂದು ತುಕಡಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ದಾಳಿ ಮಾಡಿತ್ತು. ಅಲ್ಲಿಯತನಕ ಈ ನೌಕಾಪಡೆ ಸೋಲು ಕಂಡಿರಲಿಲ್ಲ.

ಈ ಸಲ ಎದುರಾಳಿಗೆ ಮೊದಲೇ ಸುದ್ದಿ ಸಿಕ್ಕಿತ್ತು. ಹವಾಯಿಯಲ್ಲಿ ಜೋಸೆಫ್ ರೋಚ್‌ಫೋರ್ಟ್ ಅವರ ತಂಡ ಜಪಾನಿನ ಸಂಕೇತಲಿಪಿಯನ್ನು ತುಂಡುತುಂಡಾಗಿ ಒಡೆಯುತ್ತಿತ್ತು. ದಾಳಿಯ ಗುರಿ 'ಎಎಫ್' ಎಂಬುದು ಗೊತ್ತಾಗಿತ್ತು. ಎಎಫ್ ಯಾವ ಊರು ಎಂಬುದರ ಬಗ್ಗೆ ವಾಷಿಂಗ್ಟನ್ನಿನವರಿಗೆ ಅನುಮಾನ. ಆಗ ಒಂದು ಉಪಾಯ ಹೂಡಿದರು. ಸಮುದ್ರದಡಿಯ ಕೇಬಲ್ ಮೂಲಕ ಮಿಡ್‌ವೇಗೆ ಗುಟ್ಟಾಗಿ ಹೇಳಿಕಳಿಸಿ, 'ನಮ್ಮಲ್ಲಿ ಸಿಹಿನೀರು ಮಾಡುವ ಯಂತ್ರ ಕೆಟ್ಟಿದೆ' ಎಂದು ರೇಡಿಯೊದಲ್ಲಿ ಬಹಿರಂಗವಾಗಿ ಕೂಗಿಸಿದರು. ಒಂದೆರಡು ದಿನದೊಳಗೆ ಜಪಾನಿನ ಸಂದೇಶವೊಂದು ಸಿಕ್ಕಿತು: ಎಎಫ್‌ನಲ್ಲಿ ನೀರಿಗೆ ತೊಂದರೆ. ಅಮೆರಿಕದ ಅಡ್ಮಿರಲ್ ನಿಮಿಟ್ಜ್ ತಮ್ಮಲ್ಲಿದ್ದ ಮೂರು ವಿಮಾನವಾಹಕಗಳನ್ನೂ ಮಿಡ್‌ವೇಯ ಈಶಾನ್ಯದಲ್ಲಿ ಹೊಂಚು ಹಾಕಿಸಿದರು.

ಜೂನ್ 4ರ ಬೆಳಗ್ಗೆ ಜಪಾನಿನ ದಂಡನ್ನು ಮೊದಲು ಕಂಡದ್ದು ಕ್ಯಾಟಲೀನಾ ಎಂಬ ನೀರಮೇಲಿಳಿಯುವ ವಿಮಾನ. ನಿಧಾನ, ದಡ್ಡ ಆಕಾರ, ಆದರೆ ಗಂಟೆಗಟ್ಟಲೆ ಹಾರಾಡುವ ತಾಕತ್ತು ಅದರದು. ಬೆಂಗಳೂರಿನವರಿಗೆ ಇದು ಅಪರಿಚಿತವೇನಲ್ಲ. 1943ರಿಂದ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾದಾಗ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇವತ್ತು ನೊರೆಗೆ ಹೆಸರಾದ ಅದೇ ಕೆರೆ.

ಈಗ ಡೆಕ್‌ನ ಲೆಕ್ಕಕ್ಕೆ ಬರೋಣ. ಆ ಕಾಲದ ವಿಮಾನವಾಹಕದ ಡೆಕ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಬಲ್ಲದು: ವಿಮಾನ ಏರಿಸಬೇಕು, ಇಲ್ಲವೇ ಇಳಿಸಬೇಕು, ಇಲ್ಲವೇ ಸಾಲಾಗಿ ನಿಲ್ಲಿಸಿ ಎಂಜಿನ್ ಬಿಸಿ ಮಾಡಬೇಕು. ದಾಳಿಗೆ ಒಂದು ತಂಡವನ್ನು ಕೆಳಗಿನ ಹ್ಯಾಂಗರ್‌ನಿಂದ ಲಿಫ್ಟಿನಲ್ಲಿ ಮೇಲೆ ತಂದು ಸಜ್ಜು ಮಾಡುವುದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಜಪಾನಿನ ದಂಡಿನ ಅಡ್ಮಿರಲ್ ನಗುಮೊ ಬೆಳಗ್ಗೆ 4.30ಕ್ಕೆ 108 ವಿಮಾನಗಳನ್ನು ಮಿಡ್‌ವೇ ಮೇಲೆ ಕಳಿಸಿದರು. ಉಳಿದರ್ಧ ವಿಮಾನಗಳು, ಅವುಗಳಲ್ಲಿ ಹಲವು ಟಾರ್ಪಿಡೊ ಕಟ್ಟಿಕೊಂಡು, ಹಡಗು ಕಂಡರೆ ಹೊಡೆಯಲೆಂದು ಹ್ಯಾಂಗರ್‌ನಲ್ಲೇ ಕಾದಿದ್ದವು. ಏಳು ಗಂಟೆಗೆ ಮಿಡ್‌ವೇ ಮೇಲಿಂದ ವರದಿ: ಇನ್ನೊಂದು ದಾಳಿ ಬೇಕು. 7.15ಕ್ಕೆ ನಗುಮೊ ಟಾರ್ಪಿಡೊ ಬಿಚ್ಚಿ ನೆಲಕ್ಕೆ ಹಾಕುವ ಬಾಂಬ್ ಕಟ್ಟಲು ಹೇಳಿದರು. ಇದಾದ ಅರ್ಧ ಗಂಟೆಯೊಳಗೆ, ತಾನೇ ಅರ್ಧ ಗಂಟೆ ತಡವಾಗಿ ಹೊರಟಿದ್ದ ಒಂದು ಬೇಹು ವಿಮಾನ ಶತ್ರು ಹಡಗುಗಳಿವೆ ಎಂದಿತು. 8.20ರ ಹೊತ್ತಿಗೆ ಅವುಗಳಲ್ಲಿ ವಿಮಾನವಾಹಕವೂ ಇರುವಂತಿದೆ ಎಂದಿತು. ಅಷ್ಟರಲ್ಲಿ ಮಿಡ್‌ವೇಗೆ ಹೋದವರು ವಾಪಸು ಬಂದು ಪೆಟ್ರೋಲ್ ಮುಗಿಯುತ್ತಿದೆ ಎನ್ನುತ್ತ ತಲೆಯ ಮೇಲೆ ಸುತ್ತುತ್ತಿದ್ದರು. ಅವರನ್ನು ಇಳಿಸಿಕೊಂಡರೆ ದಾಳಿಗೆ ಡೆಕ್ ಇಲ್ಲ. ದಾಳಿ ಕಳಿಸಿದರೆ ನೂರು ವಿಮಾನ ಸಮುದ್ರಪಾಲು. ನಗುಮೊ ಇಳಿಸಿಕೊಂಡರು.

ಇದರ ನಡುವೆ ಬೆಳಗ್ಗೆಯಿಡೀ ಅಮೆರಿಕದ ವಿಮಾನಗಳು ಸಣ್ಣಸಣ್ಣ ಗುಂಪಾಗಿ ಬಂದು ದಾಳಿ ಮಾಡುತ್ತಲೇ ಇದ್ದವು. ಒಂದೂ ಬಾಂಬ್ ತಾಗಲಿಲ್ಲ. ಹಾರ್ನೆಟ್ ನೌಕೆಯಿಂದ ಬಂದ 15 ಟಾರ್ಪಿಡೊ ವಿಮಾನಗಳಲ್ಲಿ ಹದಿನೈದೂ ಉರುಳಿದವು. ಬದುಕಿದ್ದು ಒಬ್ಬ, ಜಾರ್ಜ್ ಗೇ. ಇದನ್ನು ವ್ಯರ್ಥ ಬಲಿದಾನ ಎಂದು ಬರೆಯುವವರಿದ್ದಾರೆ. ಆದರೆ ಕಾವಲು ಹಾರುವ ಜೀರೊ ವಿಮಾನದ 20 ಮಿಲಿಮೀಟರ್ ತೋಪಿಗೆ ಇದ್ದದ್ದು ತಲಾ 60 ಗುಂಡು. ಕೆಲವು ಸೆಕೆಂಡ್ ಹೊಡೆದರೆ ಖಾಲಿ. ಗುಂಡು ತುಂಬಿಕೊಳ್ಳಲು ಜೀರೊಗಳು ಮತ್ತೆಮತ್ತೆ ಇಳಿಯಬೇಕು, ಏರಬೇಕು. ಅಷ್ಟು ಹೊತ್ತೂ ಡೆಕ್ ಅವುಗಳಿಗೇ ಮೀಸಲು. ದಾಳಿಯ ವಿಮಾನಗಳು ಮೇಲೆ ಬರಲು ಜಾಗವೇ ಸಿಗಲಿಲ್ಲ.

ಹತ್ತೂ ಇಪ್ಪತ್ತರ ಸುಮಾರಿಗೆ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್‌ನ ಡೈವ್ ಬಾಂಬರ್‌ಗಳು ಎರಡು ದಿಕ್ಕಿನಿಂದ ಒಂದೇ ಹೊತ್ತಿಗೆ ಬಂದವು. ಎಂಟರ್‌ಪ್ರೈಸ್ ತಂಡದ ಮುಖ್ಯಸ್ಥ ವೇಡ್ ಮೆಕ್‌ಕ್ಲಸ್ಕಿಗೆ ದಾರಿ ತೋರಿದ್ದು ಹಿಂದುಳಿದು ತನ್ನ ಗುಂಪಿನತ್ತ ಓಡುತ್ತಿದ್ದ ಜಪಾನಿನದೇ ಒಂದು ಡಿಸ್ಟ್ರಾಯರ್. ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೊರ್ಯು ಮೂರೂ ಹೊತ್ತಿ ಉರಿದವು. ನಾಲ್ಕನೆಯದಾದ ಹಿರ್ಯು ಯಾರ್ಕ್‌ಟೌನನ್ನು ಹೊಡೆದು ಸಂಜೆಯೊಳಗೆ ತಾನೂ ಬೆಂಕಿಗೆ ಬಿತ್ತು.

ಅಕಾಗಿಗೆ ನೇರವಾಗಿ ಬಿದ್ದದ್ದು ಒಂದೇ ಬಾಂಬ್ ಎಂಬುದು ಈಗಿನ ಅಧ್ಯಯನಗಳ ತೀರ್ಮಾನ. ಒಂದು ಬಾಂಬಿಗೆ ಅಷ್ಟು ದೊಡ್ಡ ಹಡಗು ಹೋಯಿತೇ? ಹೋಯಿತು, ಯಾಕೆಂದರೆ ಅದು ಸಿಡಿದದ್ದು ಹ್ಯಾಂಗರ್‌ನಲ್ಲಿ. ಅಲ್ಲಿ ಪೆಟ್ರೋಲ್ ತುಂಬಿದ ವಿಮಾನಗಳಿದ್ದವು. ಬಿಚ್ಚಿ ಕಟ್ಟುವ ಗಡಿಬಿಡಿಯಲ್ಲಿ ಬಾಂಬ್‌ಗಳನ್ನು ಮದ್ದಿನಮನೆಗೆ ಇಳಿಸಲು ಪುರುಸೊತ್ತಾಗದೆ ಗೋಡೆಯ ಪಕ್ಕ ಜೋಡಿಸಿಟ್ಟಿದ್ದರು. ಜಪಾನಿನ ಹ್ಯಾಂಗರ್ ನಾಲ್ಕೂ ಕಡೆ ಮುಚ್ಚಿದ್ದು. ಸ್ಫೋಟದ ಒತ್ತಡ ಹೊರಹೋಗಲು ದಾರಿಯಿಲ್ಲ. ಅಮೆರಿಕದವರದು ಪಕ್ಕ ತೆರೆದ ಹ್ಯಾಂಗರ್, ಉರಿಯುವುದನ್ನು ಸಮುದ್ರಕ್ಕೆ ತಳ್ಳಬಹುದು. ಯಾರ್ಕ್‌ಟೌನ್‌ನಲ್ಲಂತೂ ದಾಳಿಗೆ ಮೊದಲು ಪೆಟ್ರೋಲ್ ಕೊಳವೆಗಳನ್ನು ಖಾಲಿ ಮಾಡಿ ಇಂಗಾಲದ ಡೈ ಆಕ್ಸೈಡ್ ತುಂಬಿಬಿಡುತ್ತಿದ್ದರು. ಕೊನೆಗೂ ಅದನ್ನು ಮುಳುಗಿಸಲು ಜಪಾನಿನ ಜಲಾಂತರ್ಗಾಮಿಯೇ ಬರಬೇಕಾಯಿತು.

'ಇನ್ನೈದು ನಿಮಿಷ ಸಿಕ್ಕಿದ್ದರೆ ಜಪಾನ್ ಗೆಲ್ಲುತ್ತಿತ್ತು, ವಿಮಾನಗಳು ಡೆಕ್ ಮೇಲೆ ಹೊರಟು ನಿಂತಿದ್ದವು' ಎಂಬ ಮಾತು ಹಳೆಯ ಪುಸ್ತಕಗಳಲ್ಲೂ ಸಿನಿಮಾಗಳಲ್ಲೂ ಇದೆ. ಅದನ್ನು ಹಬ್ಬಿಸಿದವರು ಜಪಾನಿನ ಪೈಲಟ್ ಮಿತ್ಸುವೊ ಫುಚಿದಾ. ಜೊನಾಥನ್ ಪಾರ್ಶಲ್ ಮತ್ತು ಆಂಟನಿ ಟಲ್ಲಿ 2005ರಲ್ಲಿ ಜಪಾನಿನ ದಾಖಲೆಗಳನ್ನು ತೆಗೆದು ನೋಡಿ, ದಾಳಿಯ ವಿಮಾನಗಳು ಇನ್ನೂ ಕೆಳಗೇ ಇದ್ದವು ಎಂದು ತೋರಿಸಿಕೊಟ್ಟರು. ಮಿಡ್‌ವೇಯನ್ನು ಅದೃಷ್ಟದ ಕಥೆಯಾಗಿ ಹೇಳುವುದನ್ನು ಇನ್ನಾದರೂ ನಿಲ್ಲಿಸಬಹುದು.

ಗ್ವಾಡಲ್‌ಕನಾಲ್: ಹಗಲು ಒಬ್ಬರದು, ರಾತ್ರಿ ಇನ್ನೊಬ್ಬರದು

ಸಾಲೊಮನ್ ದ್ವೀಪಗಳ ಗ್ವಾಡಲ್‌ಕನಾಲ್‌ನಲ್ಲಿ ಜಪಾನ್ ಒಂದು ರನ್‌ವೇ ಹಾಕುತ್ತಿತ್ತು. ಅದು ಮುಗಿದಿದ್ದರೆ ಅಮೆರಿಕ ಮತ್ತು ಆಸ್ಟ್ರೇಲಿಯಾ ನಡುವಿನ ಹಡಗುದಾರಿ ಅಪಾಯಕ್ಕೆ ಸಿಗುತ್ತಿತ್ತು. 1942ರ ಆಗಸ್ಟ್ 7ರಂದು ಅಮೆರಿಕದ ಮರೀನ್ ಸೈನಿಕರು ಇಳಿದು ಇನ್ನೂ ಪೂರ್ತಿಯಾಗದ ಆ ರನ್‌ವೇಯನ್ನೇ ಹಿಡಿದುಕೊಂಡರು. ಮಿಡ್‌ವೇಯಲ್ಲಿ ಸತ್ತ ಮೇಜರ್ ಲಾಫ್ಟನ್ ಹೆಂಡರ್ಸನ್ ಹೆಸರನ್ನು ಅದಕ್ಕಿಟ್ಟರು. ಮುಂದಿನ ಆರು ತಿಂಗಳು ಅಲ್ಲಿ ವಿಚಿತ್ರ ಪಾಳಿ ನಡೆಯಿತು. ಹಗಲು ಹೆಂಡರ್ಸನ್ ಫೀಲ್ಡಿನ ವಿಮಾನಗಳ ರಾಜ್ಯ. ಕತ್ತಲಾದರೆ ಜಪಾನಿನ ವೇಗದ ಡಿಸ್ಟ್ರಾಯರ್‌ಗಳು ಸೈನಿಕರನ್ನೂ ಅಕ್ಕಿಯನ್ನೂ ಇಳಿಸಿ ಬೆಳಗಾಗುವುದರೊಳಗೆ ಪರಾರಿ.

ರಾತ್ರಿಯ ಕಾಳಗದಲ್ಲಿ ಜಪಾನೀಯರು ಪಳಗಿದವರು. ಅವರ ಟೈಪ್ 93 ಟಾರ್ಪಿಡೊ ಶುದ್ಧ ಆಮ್ಲಜನಕದಿಂದ ಓಡುತ್ತಿದ್ದರಿಂದ ನೀರಿನ ಮೇಲೆ ಗುಳ್ಳೆಯ ಗೆರೆ ಕಾಣುತ್ತಿರಲಿಲ್ಲ, ದೂರವೂ ಹೆಚ್ಚು ಹೋಗುತ್ತಿತ್ತು. ಆಗಸ್ಟ್ 9ರ ನಸುಕಿನಲ್ಲಿ ಸಾವೊ ದ್ವೀಪದ ಬಳಿ ಅಮೆರಿಕದ ಮೂರು, ಆಸ್ಟ್ರೇಲಿಯಾದ ಒಂದು ಕ್ರೂಸರ್ ಮುಳುಗಿ ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಅಷ್ಟಾದರೂ ಕೊನೆಗೆ ಸೋತದ್ದು ಜಪಾನ್. ಡಿಸ್ಟ್ರಾಯರ್ ಎಷ್ಟು ಅಕ್ಕಿ ಹೊರಬಲ್ಲದು? ಸಾಮಾನು ಸಾಗಿಸುವ ನಿಧಾನದ ಹಡಗು ಹಗಲಿನಲ್ಲಿ ಬರುವ ಹಾಗಿಲ್ಲ. ಅಲ್ಲಿ ಸತ್ತ ಜಪಾನಿ ಸೈನಿಕರಲ್ಲಿ ಬಹಳಷ್ಟು ಜನ ಹಸಿವು, ಮಲೇರಿಯಾಗಳಿಗೆ ಬಲಿಯಾದವರು. 1943ರ ಫೆಬ್ರವರಿಯಲ್ಲಿ ಉಳಿದವರನ್ನು ರಾತ್ರೋರಾತ್ರಿ ಕರೆದೊಯ್ದರು.

ತರಾವಾ: ಅಷ್ಟಮಿಯ ಉಬ್ಬರ

ದ್ವೀಪಕ್ಕೆ ಸೈನ್ಯ ಇಳಿಸುವುದು ಹೇಗೆ ಎಂಬ ಪಾಠ ಅಮೆರಿಕಕ್ಕೆ ಆದದ್ದು 1943ರ ನವೆಂಬರ್ 20ರಂದು. ಕ್ರಮ ಹೀಗೆ: ಮೊದಲು ಯುದ್ಧನೌಕೆಗಳು ಗುಂಡಿನ ಸುರಿಮಳೆ ಸುರಿಸುತ್ತವೆ, ವಿಮಾನಗಳು ಬಾಂಬ್ ಹಾಕುತ್ತವೆ. ಆಮೇಲೆ ಸೈನಿಕರು ಸಾಗಣೆ ಹಡಗಿನಿಂದ ಬಲೆಯೇಣಿಯಲ್ಲಿ ಇಳಿದು ಸಣ್ಣ ದೋಣಿ ಹತ್ತುತ್ತಾರೆ. ದೋಣಿಗಳು ಅಲೆ ಅಲೆಯಾಗಿ ದಡಕ್ಕೆ ಹೊರಡುತ್ತವೆ. ಆ ದೋಣಿ ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಹಿಗಿನ್ಸ್ ಮಾಡಿದ್ದು: 36 ಅಡಿ ಉದ್ದ, ಸುಮಾರು 36 ಜನ, ಮುಂಬಾಗಿಲು ಮಡಚಿ ನೀರಿಗೆ ಬಿದ್ದರೆ ಅದೇ ಇಳಿಜಾರು ಹಲಗೆ. ಒಳ್ಳೆಯ ದೋಣಿ, ಆದರೆ ತುಂಬಿದಾಗ ಅದಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚೇ ನೀರು ಬೇಕು.

ಬೆಟಿಯೊ ಸುತ್ತ ದಡದಿಂದ ಅರ್ಧ ಕಿಲೋಮೀಟರಿಗೂ ಆಚೆಯವರೆಗೆ ಹವಳದ ಹಾಸು ಇದೆ. ಅದರ ಮೇಲೆ ದೋಣಿ ದಾಟುವಷ್ಟು ನೀರು ಉಬ್ಬರದಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿದ್ದರು. ಆ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದ ಬ್ರಿಟಿಷ್ ಸಾಮ್ರಾಜ್ಯದ ಅಧಿಕಾರಿ ಫ್ರಾಂಕ್ ಹಾಲೆಂಡ್ ಬೇಡವೆಂದು ಎಚ್ಚರಿಸಿದ್ದರು. ನಮ್ಮ ಕರಾವಳಿಯ ಮೀನುಗಾರರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು: ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜೋರು, ಅಷ್ಟಮಿಯ ಆಸುಪಾಸು ಮಂದ. ಆ ದಿನ ಬಹುಳ ಅಷ್ಟಮಿಯ ಹೊತ್ತಿನ ಅರ್ಧಚಂದ್ರ. ಅದರ ಮೇಲೆ ಚಂದ್ರ ಭೂಮಿಯಿಂದ ಅತಿ ದೂರದ ಬಿಂದುವಿನ ಬಳಿಯಿದ್ದ. ಎರಡೂ ಕೂಡಿ ಸಮುದ್ರ ಏರಲೇ ಇಲ್ಲ, ಇಳಿಯಲೂ ಇಲ್ಲ. ಗಂಟೆಗಟ್ಟಲೆ ಇದ್ದಲ್ಲೇ ಇತ್ತು. ಈ ಚಂದ್ರನ ಲೆಕ್ಕವನ್ನು ಭೌತವಿಜ್ಞಾನಿ ಡೊನಾಲ್ಡ್ ಓಲ್ಸನ್ ಬಿಡಿಸಿ ಹೇಳಿದ್ದು 1987ರಲ್ಲಿ.

ನೀರಲ್ಲೂ ನೆಲದಲ್ಲೂ ಓಡುವ, ಸರಪಳಿ ಚಕ್ರದ ಆಮ್‌ಟ್ರ್ಯಾಕ್ ಬಂಡಿಗಳು ನೂರಿಪ್ಪತ್ತೈದು ಇದ್ದವು. ಅವು ಹವಳ ಏರಿ ದಡ ಮುಟ್ಟಿದವು. ಹಿಂದೆ ಬಂದ ಹಿಗಿನ್ಸ್ ದೋಣಿಗಳು ಹವಳಕ್ಕೆ ಸಿಕ್ಕಿ ನಿಂತವು. ಸೈನಿಕರು ಎದೆಮಟ್ಟದ ನೀರಿಗಿಳಿದು, ಬಂದೂಕನ್ನು ತಲೆಯ ಮೇಲೆ ಹಿಡಿದು ಅರ್ಧ ಕಿಲೋಮೀಟರ್ ನಡೆಯಬೇಕಾಯಿತು. ಎದುರಿಗೆ ತೆಂಗಿನ ದಿಮ್ಮಿ, ಹವಳ, ಮರಳಿನಿಂದ ಮುಚ್ಚಿದ ಬಂಕರ್‌ಗಳಲ್ಲಿ ಮೆಷಿನ್ ಗನ್. ಹಡಗುಗಳ ಅಷ್ಟು ಗುಂಡೂ ಆ ಬಂಕರ್‌ಗಳಿಗೆ ಏನೂ ಮಾಡಿರಲಿಲ್ಲ. ಮೊದಲ ದಿನ ಇಳಿದ ಐದು ಸಾವಿರ ಜನರಲ್ಲಿ ಸುಮಾರು 1,500 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಮೂರು ದಿನ ಚಿಲ್ಲರೆಯಲ್ಲಿ ದ್ವೀಪ ಬಿತ್ತು. ಅಮೆರಿಕದವರು ಸುಮಾರು ಸಾವಿರ ಜನ ಸತ್ತಿದ್ದರು. ಜಪಾನಿನ ಕಡೆ ಸೆರೆಸಿಕ್ಕವರು 146 ಜನ. ಅವರಲ್ಲಿ 129 ಮಂದಿ ಕೊರಿಯಾದಿಂದ ತಂದ ಕೂಲಿಗಳು.

ಅಲ್ಲಿ ತೆಗೆದ ಚಲನಚಿತ್ರದಲ್ಲಿ ನೀರಲ್ಲಿ ತೇಲುವ ಅಮೆರಿಕನ್ ಹೆಣಗಳಿದ್ದವು. ತೋರಿಸಬೇಕೇ ಬೇಡವೇ ಎಂಬ ಪ್ರಶ್ನೆ ಅಧ್ಯಕ್ಷ ರೂಸ್‌ವೆಲ್ಟ್‌ವರೆಗೆ ಹೋಯಿತು. ಅವರು ತೋರಿಸಿ ಎಂದರು. ಸೈನ್ಯ ಪಾಠ ಕಲಿತದ್ದೂ ಬೇಗ. ಮುಂದೆ ಹೆಚ್ಚು ಆಮ್‌ಟ್ರ್ಯಾಕ್ ಬಂದವು. ಇಳಿಯುವ ಮೊದಲೇ ಈಜುಗಾರರ ತಂಡ ಹೋಗಿ ನೀರಿನ ಆಳ ಅಳೆದು, ಅಡ್ಡಗಳನ್ನು ಸಿಡಿಸಿ ಬರುವುದು ಕಡ್ಡಾಯವಾಯಿತು. ಎರಡೇ ತಿಂಗಳಲ್ಲಿ ಕ್ವಾಜಲೇನ್ ಹವಳದ್ವೀಪ ತೀರ ಕಡಿಮೆ ಸಾವಿಗೆ ಸಿಕ್ಕಿತು.

ಬಿಟ್ಟು ಹೋದ ದ್ವೀಪಗಳು, ತೇಲುವ ಬಂದರುಗಳು

ಎಲ್ಲ ದ್ವೀಪಗಳನ್ನೂ ಹಿಡಿಯಬೇಕಿಲ್ಲ ಎಂಬುದು ಅಮೆರಿಕ ಕಂಡುಕೊಂಡ ದೊಡ್ಡ ಉಪಾಯ. ನ್ಯೂ ಬ್ರಿಟನ್‌ನ ರಬೌಲ್‌ನಲ್ಲಿ ಜಪಾನಿನ ಒಂದು ಲಕ್ಷದಷ್ಟು ಜನರಿದ್ದರು. ಅದರ ಸುತ್ತಲ ರನ್‌ವೇಗಳನ್ನು ಹಿಡಿದು, ರಬೌಲ್‌ನ ವಿಮಾನಗಳನ್ನು ಮುಗಿಸಿ, ಹಡಗು ಬರದಂತೆ ನೋಡಿಕೊಂಡು, ಅಷ್ಟೂ ಜನರನ್ನು ಅಲ್ಲೇ ಬಿಟ್ಟು ಮುಂದೆ ಹೋದರು. ಅವರು ಗೆಣಸು ಬೆಳೆದು ತಿನ್ನುತ್ತ ಯುದ್ಧ ಮುಗಿಯುವವರೆಗೂ ಕುಳಿತು 1945ರ ಸೆಪ್ಟೆಂಬರ್ 6ರಂದು ಶರಣಾದರು.

ಹಿಡಿದ ದ್ವೀಪದಲ್ಲಿ ಮೊದಲು ಕೆಲಸಕ್ಕಿಳಿಯುತ್ತಿದ್ದವರು ಸೀಬೀಗಳು, ಅಂದರೆ ನೌಕಾಪಡೆಯ ಕಟ್ಟಡ ಕೆಲಸಗಾರರು. ಹವಳವನ್ನು ಪುಡಿಮಾಡಿ ರೋಲರ್ ಹೊಡೆದು, ತೂತಿನ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹಾಸಿದರೆ ಕೆಲವು ದಿನಗಳಲ್ಲಿ ರನ್‌ವೇ ತಯಾರು. ಹಡಗುಗಳಿಗೆ ಎಣ್ಣೆ ತುಂಬಿಸಲು ಬಂದರಿಗೆ ಮರಳುವ ಕೆಲಸವೂ ಇರಲಿಲ್ಲ. ಟ್ಯಾಂಕರ್ ಪಕ್ಕದಲ್ಲೇ ಅದೇ ವೇಗದಲ್ಲಿ ಓಡುತ್ತ ಕೊಳವೆಯಿಂದ ತುಂಬಿಸುತ್ತಿತ್ತು. 1944ರ ಸೆಪ್ಟೆಂಬರ್‌ನಲ್ಲಿ ಯಾರೂ ಎದುರಿಸದೆ ಸಿಕ್ಕ ಉಲಿತಿ ಎಂಬ ಹವಳದ ಉಂಗುರದೊಳಗೆ ತೇಲುವ ಡ್ರೈಡಾಕ್, ಕಾರ್ಯಾಗಾರ, ಆಸ್ಪತ್ರೆ, ಕೊನೆಗೆ ಐಸ್‌ಕ್ರೀಂ ಮಾಡುವ ದೋಣಿಯೂ ಬಂದು ನಿಂತಿತು. ನನ್ನ ಮಟ್ಟಿಗೆ ಪೆಸಿಫಿಕ್ ಗೆದ್ದದ್ದು ಈ ಟ್ಯಾಂಕರ್‌ಗಳು. ಸಿನಿಮಾದಲ್ಲಿ ಅವುಗಳಿಗೆ ಪಾತ್ರವಿಲ್ಲ.

ಜಪಾನಿಗೆ ಇದೇ ಕೈಕೊಟ್ಟಿತು. ಅದರ ಎಣ್ಣೆ ಬರುತ್ತಿದ್ದದ್ದು ಬೋರ್ನಿಯೊ, ಸುಮಾತ್ರಾಗಳಿಂದ. ಅದನ್ನು ಹೊತ್ತು ತರುವ ಹಡಗುಗಳನ್ನು ಅಮೆರಿಕದ ಜಲಾಂತರ್ಗಾಮಿಗಳು ಬೇಟೆಯಾಡಿದವು. ಮೊದಮೊದಲು ಅವೂ ಸೋತಿದ್ದವೆನ್ನಿ: ಮಾರ್ಕ್ 14 ಟಾರ್ಪಿಡೊ ಗುರಿಗಿಂತ ಹತ್ತಡಿ ಆಳಕ್ಕೆ ಹೋಗುತ್ತಿತ್ತು, ತಾಗಿದರೂ ಸಿಡಿಯುತ್ತಿರಲಿಲ್ಲ. 1943ರ ಜುಲೈಯಲ್ಲಿ ಟಿನೋಸಾ ಎಂಬ ಜಲಾಂತರ್ಗಾಮಿ ನಿಂತ ಹಡಗಿಗೆ ಒಂದರ ಹಿಂದೊಂದು ಟಾರ್ಪಿಡೊ ಹೊಡೆದು, ಬಹುಪಾಲು ಟುಸ್ಸೆಂದಾಗ ಉಳಿದ ಒಂದನ್ನು ಪರೀಕ್ಷೆಗೆಂದು ವಾಪಸು ತಂದಿತು. ದೋಷ ಸರಿಯಾದ ಮೇಲೆ ಜಪಾನಿನ ವ್ಯಾಪಾರಿ ಹಡಗುಗಳು ಉಳಿಯಲಿಲ್ಲ. ಮುಳುಗಿದ ಒಟ್ಟು ಟನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಲಾಂತರ್ಗಾಮಿಗಳ ಪಾಲು.

ಎಣ್ಣೆಯಿಲ್ಲದಿದ್ದರೆ ಪೈಲಟ್‌ಗಳಿಗೆ ತರಬೇತಿಯಿಲ್ಲ. 1944ರ ಜೂನ್ 19ರಂದು ಮರಿಯಾನಾ ದ್ವೀಪಗಳ ಬಳಿ ಜಪಾನ್ ಒಂದೇ ದಿನ ಮುನ್ನೂರಕ್ಕೂ ಹೆಚ್ಚು ವಿಮಾನ ಕಳೆದುಕೊಂಡಿತು. ಅಮೆರಿಕದ ರೇಡಾರ್ ಅವರನ್ನು ಬಹಳ ದೂರದಿಂದಲೇ ಕಂಡು, ಹೆಲ್‌ಕ್ಯಾಟ್ ವಿಮಾನಗಳನ್ನು ಎತ್ತರದಲ್ಲಿ ಕಾಯಿಸಿತ್ತು. ಅದೇ ದಿನ ಜಪಾನಿನ ಹೊಚ್ಚಹೊಸ ತೈಹೊ ನೌಕೆಗೆ ಬಿದ್ದದ್ದು ಒಂದು ಟಾರ್ಪಿಡೊ. ಸೋರಿದ ಪೆಟ್ರೋಲಿನ ಹಬೆ ಹೋಗಲೆಂದು ಗಾಳಿಯ ಕೊಳವೆಗಳನ್ನೆಲ್ಲ ತೆರೆದರು. ಹಬೆ ಹಡಗಿಡೀ ಹರಡಿ, ಗಂಟೆಗಳ ನಂತರ ಒಂದು ಕಿಡಿಗೆ ಹಡಗು ಸಿಡಿಯಿತು. ಮರಿಯಾನಾ ಕೈತಪ್ಪಿದ್ದರಿಂದ ಪ್ರಧಾನಿ ತೊಜೊ ರಾಜೀನಾಮೆ ಕೊಟ್ಟರು. ಅಲ್ಲಿಂದ ಟೋಕಿಯೊ 2,400 ಕಿಲೋಮೀಟರ್, ಬಿ-29 ಬಾಂಬರ್ ಹೋಗಿಬರುವಷ್ಟು ದೂರ. ಹಿರೋಶಿಮಾಗೆ ಬಾಂಬ್ ಹೊತ್ತ ವಿಮಾನ ಎದ್ದದ್ದು ಅದೇ ಗುಂಪಿನ ಟಿನಿಯನ್‌ನಿಂದ.

ಕೊನೆಯ ಹಂತದಲ್ಲಿ ಜಪಾನ್ ರಕ್ಷಣೆಯ ರೀತಿಯನ್ನೇ ಬದಲಿಸಿತು. ಇವೊಜಿಮಾದಲ್ಲಿ ಜನರಲ್ ಕುರಿಬಯಾಶಿ ದಡದಲ್ಲಿ ತಡೆಯುವುದನ್ನೂ ಕೂಗುತ್ತ ಎದುರು ನುಗ್ಗಿ ಸಾಯುವುದನ್ನೂ ಬಿಟ್ಟು, ಸೈನ್ಯವನ್ನು ಕಿಲೋಮೀಟರುಗಟ್ಟಲೆ ಸುರಂಗಗಳಲ್ಲಿ ಅಡಗಿಸಿದರು. ಐದು ದಿನವೆಂದು ಹೊರಟ ಕದನ ಐದು ವಾರ ಹಿಡಿಯಿತು. ಸುಮಾರು 6,800 ಅಮೆರಿಕನ್ನರು ಸತ್ತರು. ಒಕಿನಾವಾದಲ್ಲಿ ಅದೇ ತಂತ್ರಕ್ಕೆ ಆತ್ಮಹತ್ಯಾ ದಾಳಿಯ ಕಾಮಿಕಾಜೆ ವಿಮಾನಗಳು ಸೇರಿ, ಅಮೆರಿಕದ ನೌಕಾಪಡೆಯೊಂದರಲ್ಲೇ ಸುಮಾರು 4,900 ಮಂದಿ ಸತ್ತರು. ನಡುವೆ ಸಿಕ್ಕ ಒಕಿನಾವಾದ ಜನಸಾಮಾನ್ಯರು ಸತ್ತದ್ದು ಲಕ್ಷದ ಆಸುಪಾಸು ಎಂಬ ಅಂದಾಜಿದೆ.

ಎಲ್ಲ ಕದನಗಳೂ ಬೇಕಾಗಿದ್ದವೇ? ಪೆಲೆಲಿಯು ದ್ವೀಪದ ಕದನ ಖಂಡಿತ ಬೇಕಿರಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಇಳಿಯುವುದಕ್ಕೆ ಎರಡು ದಿನ ಮೊದಲೇ ಅಮೆರಿಕದವರೇ ಆದ ಅಡ್ಮಿರಲ್ ಹಾಲ್ಸಿ ಅದನ್ನು ಕೈಬಿಡಿ ಎಂದಿದ್ದರು. ಹಡಗುಗಳು ಹೊರಟಾಗಿದೆ ಎಂದು ನಿಮಿಟ್ಜ್ ಮುಂದುವರಿಸಿದರು. ನಾಲ್ಕು ದಿನದ ಕೆಲಸವೆಂದದ್ದು ಎರಡು ತಿಂಗಳು ಮೀರಿತು, ಅಮೆರಿಕದ 1,700ಕ್ಕೂ ಹೆಚ್ಚು, ಜಪಾನಿನ ಹತ್ತು ಸಾವಿರದಷ್ಟು ಜನ ಸತ್ತರು. ಅಲ್ಲಿನ ರನ್‌ವೇ ಮುಂದಿನ ಯುದ್ಧಕ್ಕೆ ಹೇಳಿಕೊಳ್ಳುವಂಥ ಉಪಯೋಗಕ್ಕೆ ಬರಲಿಲ್ಲ.